ಪದಚರ್ಚೆ: ‘ಸಮುದಾಯ ಸೇವೆ’ ಶಿಕ್ಷೆಯ ಹೆಸರಾದ ಮೇಲೆ ವಕೀಲರ ಸತ್ಕಾರ್ಯವನ್ನು ಏನೆಂದು ಕರೆಯುವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಧಾರವಾಡದ ವಕೀಲರ ಕಚೇರಿಯೊಂದು ತನ್ನ ಕಕ್ಷಿದಾರರಿಗಾಗಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಒಂದು ಸಣ್ಣ ಪತ್ರಿಕೆಯನ್ನು ಹೊರತರುತ್ತದೆ. ಅದರ ಭಾಷೆಯನ್ನು ನೋಡಿಕೊಡುವ ಹೊಣೆ ನನ್ನದು. ಮೊದಲ ಪುಟಗಳಲ್ಲಿ ಹೊಸ ಕಾಯ್ದೆ, ತಿದ್ದುಪಡಿ ಮತ್ತು ಹೈಕೋರ್ಟಿನ ತೀರ್ಪುಗಳ ಮಾಹಿತಿ ಇರುತ್ತದೆ. ಕೊನೆಯ ಪುಟದಲ್ಲಿ ಕಚೇರಿಯವರು ಜನರಿಗಾಗಿ ಮಾಡಿದ ಕೆಲಸಗಳ ವರದಿ: ಫೀ ಪಡೆಯದೆ ನಡೆಸಿದ ಖಟ್ಲೆಗಳು, ಹಳ್ಳಿಗಳಲ್ಲಿ ನಡೆಸಿದ ಕಾನೂನು ಅರಿವಿನ ಶಿಬಿರ, ಸರಕಾರಿ ಶಾಲೆಗೆ ಕೊಟ್ಟ ಪುಸ್ತಕ, ರಕ್ತದಾನ. ಈ ಪುಟಕ್ಕೆ ಇಲ್ಲಿಯವರೆಗೆ ‘ಸಮುದಾಯ ಸೇವೆ’ ಎಂಬ ತಲೆಬರಹ ನಡೆದುಬಂದಿದೆ. ಅದನ್ನು ಕೈಬಿಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಜಾಗಕ್ಕೆ ಯಾವ ಪದ ಬರಬೇಕೆಂಬ ವಿಷಯದಲ್ಲಿ ತಮ್ಮೆಲ್ಲರ ಸಲಹೆ ಬೇಕಾಗಿದೆ.

ಕಾರಣವನ್ನು ಮೊದಲು ಹೇಳುತ್ತೇನೆ. 1860ರ ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ತನ್ನ 4ನೆಯ ಕಲಮಿನಲ್ಲಿ ಶಿಕ್ಷೆಗಳನ್ನು ಎಣಿಸುವಾಗ ಮರಣದಂಡನೆ, ಜೀವಾವಧಿ, ಕಾರಾವಾಸ, ಆಸ್ತಿ ಮುಟ್ಟುಗೋಲು, ಜುಲ್ಮಾನೆಗಳ ಸಾಲಿನಲ್ಲಿ ‘ಸಮುದಾಯ ಸೇವೆ’ಯನ್ನೂ ಹೊಸದಾಗಿ ಸೇರಿಸಿದೆ. (ಸರಕಾರಿ ಕನ್ನಡದಲ್ಲಿ ಕಲಮಿಗೆ ‘ಪ್ರಕರಣ’ ಎನ್ನುವುದುಂಟು, ಆದರೆ ಓದುಗರಿಗೆ ಪ್ರಕರಣವೆಂದರೆ ಕೇಸು. ಆದ್ದರಿಂದ ನಮ್ಮ ಪತ್ರಿಕೆಯಲ್ಲಿ ‘ಕಲಂ’ ಎಂದೇ ಬರೆಯುತ್ತೇವೆ.) ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು, ಮೊದಲ ಬಾರಿಗೆ ಅಪರಾಧಿಯೆನಿಸಿ, ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದವನಿಗೆ ಈ ಶಿಕ್ಷೆ ಇದೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಅಸಭ್ಯವಾಗಿ ನಡೆದುಕೊಂಡವನಿಗೂ, ಮಾನಹಾನಿ ಮಾಡಿದವನಿಗೂ ಇದನ್ನು ವಿಧಿಸಬಹುದು. ಅಪರಾಧಗಳ ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೆಯ ಕಲಮಿನ ವಿವರಣೆಯಂತೆ, ನ್ಯಾಯಾಲಯವು ಅಪರಾಧಿಗೆ ಶಿಕ್ಷೆಯಾಗಿ ವಿಧಿಸುವ, ಸಮುದಾಯಕ್ಕೆ ಪ್ರಯೋಜನವಾಗುವ ಮತ್ತು ಯಾವ ಸಂಭಾವನೆಯೂ ಇಲ್ಲದ ಕೆಲಸವೇ ಸಮುದಾಯ ಸೇವೆ.

ಹೀಗಾಗಿ ಒಂದೇ ಸಂಚಿಕೆಯ ಎರಡನೆಯ ಪುಟದಲ್ಲಿ “ಇಂಥ ಸಣ್ಣ ಕಳವಿಗೆ ಅಪರಾಧಿಯು ಸಮುದಾಯ ಸೇವೆ ಮಾಡಬೇಕಾಗುತ್ತದೆ” ಎಂದೂ, ಕೊನೆಯ ಪುಟದಲ್ಲಿ “ನಮ್ಮ ಕಚೇರಿಯ ಕಿರಿಯ ವಕೀಲರು ಬೇಸಿಗೆಯುದ್ದಕ್ಕೂ ಸಮುದಾಯ ಸೇವೆ ಮಾಡಿದರು” ಎಂದೂ ಅಚ್ಚಿಗೆ ಸಿದ್ಧವಾಗಿತ್ತು. ಕರಡನ್ನು ಓದುತ್ತಿದ್ದ ಕಚೇರಿಯ ಗುಮಾಸ್ತರು ಎರಡನೆಯ ವಾಕ್ಯದ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, “ಇವರಿಗೆ ಯಾವ ಕೋರ್ಟು ವಿಧಿಸಿತ್ತು ಎಂದು ಕೇಳುತ್ತಾರೆ ಸಾಹೇಬ್ರ” ಎಂದರು. ಅವರ ಮಾತು ಸರಿ. ಕಾನೂನನ್ನು ತಿಳಿಸುವ ಪತ್ರಿಕೆಯಲ್ಲಿ ಕಾನೂನಿನ ಪಾರಿಭಾಷಿಕ ಪದವೊಂದು ಸಡಿಲವಾದ ಅರ್ಥದಲ್ಲಿಯೂ ತಿರುಗಾಡಿದರೆ, ಓದುಗನು ಉಳಿದ ಪದಗಳನ್ನೂ ನಂಬುವುದು ಕಷ್ಟ. ಶಿಕ್ಷೆಯ ಕುರಿತು ಬರೆಯುವಾಗಲೂ ಬರಿಯ ‘ಸಮುದಾಯ ಸೇವೆ’ ಎನ್ನದೆ ‘ಸಮುದಾಯ ಸೇವೆಯ ಶಿಕ್ಷೆ’ ಎಂದೇ ಬರೆಯಬೇಕೆಂದು ನಾನು ಸೂಚಿಸಿದ್ದೇನೆ. ಏಕೆಂದರೆ ಕನ್ನಡದಲ್ಲಿ ‘ಸೇವೆ’ ಎಂಬ ಮಾತಿಗೆ ದೇವರ ಸನ್ನಿಧಿಯ ವಾಸನೆ ಇದೆ. ಅದನ್ನು ಒಬ್ಬರ ಮೇಲೆ ಹೇರಲಾಗಿದೆ ಎಂಬುದು ಆ ಪದದಿಂದಷ್ಟೇ ತಿಳಿಯುವುದಿಲ್ಲ.

ಹೊಸ ಸಂಹಿತೆ ಬರದಿದ್ದರೂ ಈ ತಲೆಬರಹದಲ್ಲಿ ಇನ್ನೊಂದು ತೊಡಕು ಮೊದಲಿನಿಂದಲೂ ಇತ್ತು. ಈಗಿನ ಕನ್ನಡದಲ್ಲಿ ‘ಸಮುದಾಯ’ ಎಂಬುದು ಬಹುಮಟ್ಟಿಗೆ ಜಾತಿಗೆ ಬಳಸುವ ಮರ್ಯಾದೆಯ ಮಾತಾಗಿದೆ. “ನಮ್ಮ ಸಮುದಾಯದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ”, “ಸಮುದಾಯದ ಮುಖಂಡರ ಸಭೆ” ಎಂದು ಪತ್ರಿಕೆಯಲ್ಲಿ ಓದಿದಾಗ ಯಾರೂ ಇಡೀ ಊರನ್ನು ನೆನೆಯುವುದಿಲ್ಲ. ‘ಸಮುದಾಯ ಆರೋಗ್ಯ ಕೇಂದ್ರ’ದಂಥ ಸರಕಾರಿ ಹೆಸರುಗಳಲ್ಲಿ ಹಳೆಯ ವಿಶಾಲ ಅರ್ಥ ಉಳಿದಿದೆ, ನಿಜ. ಆದರೆ ಒಂದು ಖಾಸಗಿ ಕಚೇರಿಯವರು ‘ಸಮುದಾಯಕ್ಕೆ ನಮ್ಮ ಸೇವೆ’ ಎಂದರೆ, ಯಾವ ಸಮುದಾಯಕ್ಕೆ ಎಂಬ ಪ್ರಶ್ನೆ ಓದುಗನ ಮನಸ್ಸಿನಲ್ಲಿ ಏಳುತ್ತದೆ. ನ್ಯಾಯ ಕೇಳಿ ಬರುವವರಲ್ಲಿ ಭೇದ ಎಣಿಸಬಾರದ ವೃತ್ತಿಯವರ ಮೇಲೆ ಇಂಥ ಅನುಮಾನದ ನೆರಳೂ ಬೀಳಬಾರದು.

ಪರ್ಯಾಯವಾಗಿ ಕಚೇರಿಯವರು ಮೊದಲು ಸೂಚಿಸಿದ ಪದ ‘ದತ್ತಿ ಕಾರ್ಯ’. ಚಾರಿಟಿಗೆ ಕೋಶಗಳಲ್ಲಿ ‘ದತ್ತಿ’ ಎಂಬ ಅರ್ಥ ಸಿಗುತ್ತದೆ, ಸರಿ. ಆದರೆ ನಮ್ಮಲ್ಲಿ ದತ್ತಿಗೆ ಬಹಳ ನಿಖರವಾದ ಒಂದು ಇತಿಹಾಸವಿದೆ. ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂದರೆ ದೇವಸ್ಥಾನಕ್ಕೋ ಮಠಕ್ಕೋ ಕೆರೆಗೋ ಧಾರೆಯೆರೆದು ಕೊಟ್ಟ ಭೂಮಿ ಅಥವಾ ಆದಾಯ. ಮೂಲ ಹಾಗೆಯೇ ಉಳಿದು, ಅದರ ಹುಟ್ಟುವಳಿಯಿಂದ ಕಾರ್ಯ ನಡೆಯಬೇಕು. ಸಾಹಿತ್ಯ ಪರಿಷತ್ತಿನ ‘ದತ್ತಿ ಉಪನ್ಯಾಸ’ದಲ್ಲಿಯೂ ಅದೇ ಕ್ರಮ: ಇಟ್ಟ ಮೂಲಧನ ಕರಗುವುದಿಲ್ಲ, ಬಡ್ಡಿಯಿಂದ ಉಪನ್ಯಾಸ ನಡೆಯುತ್ತದೆ. ನಾವು ಬಾಯಿಮಾತಿನಲ್ಲಿ ಮುಜರಾಯಿ ಎನ್ನುವ ಇಲಾಖೆಯು ಪಾಲಿಸುವ 1997ರ ಕಾಯ್ದೆಯ ಹೆಸರಿನಲ್ಲಿರುವ ‘ಧರ್ಮಾದಾಯ ದತ್ತಿ’ಯೂ ಇದೇ ವಂಶದ್ದು. ಶಾಲೆಗೆ ಒಮ್ಮೆ ಪುಸ್ತಕ ಕೊಟ್ಟು ಬಂದದ್ದನ್ನು ದತ್ತಿ ಎಂದರೆ ಈ ಸೂಕ್ಷ್ಮ ಅಳಿಸಿಹೋಗುತ್ತದೆ. ದತ್ತಿಯ ಆಸ್ತಿಯ ವ್ಯಾಜ್ಯಗಳನ್ನೇ ನಡೆಸುವ ವಕೀಲರು ಈ ವ್ಯತ್ಯಾಸವನ್ನು ಎಲ್ಲರಿಗಿಂತ ಮೊದಲು ಕಾಪಾಡಬೇಕು.

ಒಮ್ಮೆ ಕೊಟ್ಟದ್ದಕ್ಕೆ ‘ಕೊಡುಗೆ’ ಸಾಕು. ಬಸ್ ನಿಲ್ದಾಣದ ಕಲ್ಲುಬೆಂಚಿನ ಬೆನ್ನಿನ ಮೇಲೂ ಶಾಲೆಯ ಗೋಡೆಗಡಿಯಾರದ ಮುಖದ ಮೇಲೂ ‘ಕೊಡುಗೆ’ ಎಂದು ಬರೆದು ಕೊಟ್ಟವರ ಹೆಸರು ಹಾಕುವುದು ವಾಡಿಕೆ. ಅಂಗಡಿಯವರ ‘ಹಬ್ಬದ ಕೊಡುಗೆ’ಯಿಂದ ಈ ಪದ ಸ್ವಲ್ಪ ಸವೆದಿದೆಯಾದರೂ, ಯುದ್ಧದಲ್ಲಿ ಮಡಿದವರ ಮನೆಯವರಿಗೆ ಕೊಟ್ಟ ‘ನೆತ್ತರುಗೊಡಗೆ’ಯ ಕಾಲದಿಂದ ಬಂದ ಅದರ ಘನತೆ ಇನ್ನೂ ಉಳಿದಿದೆ ಎಂದು ನಾನು ನಂಬುತ್ತೇನೆ.

‘ಸಿಎಸ್‌ಆರ್’ ಅಥವಾ ‘ಸಾಮಾಜಿಕ ಹೊಣೆಗಾರಿಕೆ’ ಎಂಬುದೂ ಇಲ್ಲಿ ಸಲ್ಲದು. ಅದು 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳಿಗೆ ಅನ್ವಯಿಸುವ ವಿಚಾರ.

ಇನ್ನು ಫೀ ಪಡೆಯದೆ ನಡೆಸುವ ಖಟ್ಲೆಯ ವಿಷಯ. ಇದಕ್ಕೆ ‘ಉಚಿತ ಕಾನೂನು ನೆರವು’ ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ. ಆದರೆ ಅದು ಸಂವಿಧಾನದ 39ಎ ಅನುಚ್ಛೇದದಿಂದ ಮೊದಲುಗೊಂಡು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯವರೆಗೆ, ಸರಕಾರದ ಹೊಣೆಯನ್ನು ಹೇಳುವ ಪದ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಮುಂತಾದವರಿಗೆ ಅದು ಆ ಕಾಯ್ದೆಯ 12ನೆಯ ಕಲಮಿನಂತೆ ದೊರೆಯುವ ಹಕ್ಕು. ಖಾಸಗಿ ವಕೀಲರೊಬ್ಬರು ತಾವಾಗಿ ಫೀ ಬಿಟ್ಟು ನಿಂತರೆ ಅದು ಬೇರೆಯೇ ಸಂಗತಿ. ಎರಡಕ್ಕೂ ಒಂದೇ ಹೆಸರಿಟ್ಟರೆ, ಬಡ ಓದುಗನು ತನ್ನ ಹಕ್ಕನ್ನು ಯಾರದೋ ದಯೆ ಎಂದು ತಿಳಿಯುವ ಅಪಾಯವಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳವಿರುವುದು ಇದರ ಬಗ್ಗೆಯೇ. ‘ಪುಕ್ಕಟೆ’ ಎಂದರೆ ಹಗುರವಾಗುತ್ತದೆ. ‘ಬಿಟ್ಟಿ’ ಎಂದರೆ ‘ವಿಷ್ಟಿ’ಯಿಂದ ಬಂದ ಆ ಪದದೊಳಗಿನ ಬಲವಂತದ ದುಡಿಮೆಯ ನೆನಪು ಕೆದಕುತ್ತದೆ. ‘ಧರ್ಮಕ್ಕೆ’ ಎಂದರೆ ಪಡೆದವನು ತಲೆ ತಗ್ಗಿಸಬೇಕಾಗುತ್ತದೆ.

ವಕೀಲರ ನಡತೆಗೆ ಕಟ್ಟಳೆ ಹಾಕುವ ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮಾವಳಿಯೂ ಇದನ್ನು ದಾನವೆಂದು ಎಣಿಸಿಲ್ಲ. ಅದರ 46ನೆಯ ನಿಯಮವು, ತನ್ನ ಆರ್ಥಿಕ ಸ್ಥಿತಿಯ ಮಿತಿಯೊಳಗೆ ದೀನರಿಗೂ ದಮನಿತರಿಗೂ ಶುಲ್ಕವಿಲ್ಲದೆ ನೆರವಾಗುವುದು ವಕೀಲನು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲಿ ಒಂದು ಎನ್ನುತ್ತದೆ. ಅದೇ ನಿಯಮಾವಳಿಯ 36ನೆಯ ನಿಯಮವು ವಕೀಲರು ಜಾಹೀರಾತಿನಿಂದಾಗಲಿ ಸುತ್ತೋಲೆಯಿಂದಾಗಲಿ ಕೆಲಸ ಕೋರುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಕೊನೆಯ ಪುಟದ ಭಾಷೆಯಲ್ಲಿ ‘ನಾವು ದಾನ ಮಾಡಿದೆವು’ ಎಂಬ ಧಾಟಿ ಬಾರದಂತೆ, ನೆರವು ಪಡೆದವರ ಹೆಸರು ಮತ್ತು ಭಾವಚಿತ್ರ ಇಲ್ಲದಂತೆ, ನಡೆದದ್ದನ್ನಷ್ಟೇ ವರದಿಯಾಗಿ ಬರೆಯುವುದು ಲೇಸು.

ಇಷ್ಟೆಲ್ಲ ಯೋಚಿಸಿದ ಮೇಲೆ, ಪುಟದ ತಲೆಬರಹಕ್ಕೆ ‘ಜನಹಿತ’ ಎಂಬ ಪದವನ್ನು ಮುಂದಿಡುತ್ತಿದ್ದೇನೆ. ಶುಲ್ಕವಿಲ್ಲದ ಕೆಲಸಕ್ಕೆ ವಕೀಲರು ದಿನವೂ ಆಡುವ ‘ಪ್ರೊ ಬೊನೊ’ ಎಂಬ ಲ್ಯಾಟಿನ್ ಮಾತಿನ ಪೂರ್ಣರೂಪವಾದ ‘ಪ್ರೊ ಬೊನೊ ಪಬ್ಲಿಕೊ’ಗೂ ಜನರ ಹಿತಕ್ಕಾಗಿ ಎಂಬುದೇ ಅರ್ಥ. ಶುಲ್ಕವಿಲ್ಲ ಎಂಬುದು ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಒಳಗೆ ‘ಶುಲ್ಕವಿಲ್ಲದ ವಕಾಲತ್ತು’, ‘ಕಾನೂನು ಅರಿವು’, ‘ಕೊಡುಗೆ’ ಎಂಬ ಉಪಶೀರ್ಷಿಕೆಗಳು ಬರಲಿ. ‘ಸಾರ್ವಜನಿಕ ಹಿತಾಸಕ್ತಿ ಅರ್ಜಿ’ಯೊಂದಿಗೆ ‘ಜನಹಿತ’ ಬೆರೆತುಹೋಗಬಹುದು ಎಂಬ ಆಕ್ಷೇಪ ಕಚೇರಿಯಲ್ಲಿಯೇ ಬಂದಿದೆ. ಅದು ಅಷ್ಟು ಬಲವಾದುದೆಂದು ನನಗೆ ತೋರಲಿಲ್ಲ. ತಮಗೆ ಹೇಗೆ ತೋರುತ್ತದೆ?

ಕೇಳಬೇಕಾದ ಇನ್ನೊಂದು ಮಾತೂ ಇದೆ. ಫೀ ತೆಗೆದುಕೊಳ್ಳದೆ ಬಡವರ ಪರವಾಗಿ ನಿಲ್ಲುವ ವಕೀಲರು ಹಿಂದೆಯೂ ಎಲ್ಲ ಊರುಗಳಲ್ಲಿ ಇದ್ದರು. ಆ ರೂಢಿಗೆ ಮೈಸೂರು, ಮಂಗಳೂರು, ಕಲಬುರಗಿ, ಬಳ್ಳಾರಿಗಳ ಕೋರ್ಟಿನ ಆವರಣದಲ್ಲಿ ಕಕ್ಷಿದಾರರೋ ಗುಮಾಸ್ತರೋ ಆಡುತ್ತಿದ್ದ ಪದ ಯಾವುದಾದರೂ ತಮ್ಮ ಕಿವಿಗೆ ಬಿದ್ದಿದ್ದರೆ, ಅದನ್ನು ಬಳಸಿದ ವಾಕ್ಯದ ಸಮೇತ ದಯವಿಟ್ಟು ತಿಳಿಸಿ. ‘ಶುಲ್ಕವಿಲ್ಲದ ವಕಾಲತ್ತು’ ನಾನು ಕೂಡಿಸಿದ ಮಾತು. ಜನರ ಬಾಯಲ್ಲಿ ಮೊದಲೇ ಇರುವ ಪದ ಸಿಕ್ಕರೆ ಅದನ್ನೇ ಅಚ್ಚಿಗೆ ಕಳಿಸುತ್ತೇನೆ.