ಬೆಂಜೋಯಿಕ್ ಆಸಿಡ್ ಮಾಡಿದೆ, ಅರ್ಧ ಎಲ್ಲಿ ಹೋಯ್ತು?

ಕೆಂಪು_ಲಿಟ್ಮಸ್: ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ 5 ಮಿಲಿ ಬೆಂಜಾಲ್ಡಿಹೈಡ್‌ಗೆ ಸೋಡಿಯಂ ಕಾರ್ಬೊನೇಟ್, ಪರ್ಮ್ಯಾಂಗನೇಟ್ ಹಾಕಿ ಕಾಯಿಸಿದೆ. ನೇರಳೆ ಬಣ್ಣ ಹೋದ ಮೇಲೆ ಕಂದು ಗಸಿ ಸೋಸಿ ತೆಗೆದು, ತಣ್ಣಗಾದ ನೀರಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದಾಗ ಬಿಳಿ ಹರಳು ಚೆನ್ನಾಗೇ ಬಂತು. ನಲ್ಲಿ ನೀರಲ್ಲಿ ಮೂರ್ನಾಲ್ಕು ಸಲ ತೊಳೆದೆ, ಒಟ್ಟು 300 ಮಿಲಿ ಆಗಿರಬಹುದು. ಕೊನೆಗೆ ಸಿಕ್ಕಿದ್ದು 3 ಗ್ರಾಂ. ಕರಗುವ ಬಿಂದು ಬೇರೆ 117 ಡಿಗ್ರಿ, ಪುಸ್ತಕದಲ್ಲಿ 122 ಇದೆ. ಎಲ್ಲಿ ಎಡವಿದೆ?

ಹಳೇ_ಬ್ಯೂರೆಟ್: ಆ 300 ಮಿಲಿಯಲ್ಲೇ ಒಂದು ಗ್ರಾಂ ಸಿಂಕ್ ಪಾಲಾಗಿದೆ! 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 3.4 ಗ್ರಾಂ ಬೆಂಜೋಯಿಕ್ ಆಸಿಡ್ ಕರಗಿಸಿಕೊಳ್ಳುತ್ತದೆ, ಐಸ್ ನೀರಾದರೆ ಅದರ ಅರ್ಧ. ತೊಳೆಯೋಕೆ 10 ಮಿಲಿ ಐಸ್ ನೀರು ಎರಡು ಸಲ ಸಾಕು. ಲೆಕ್ಕದ ಪ್ರಕಾರ ನಿಮಗೆ 6 ಗ್ರಾಂ ಬರಬೇಕಿತ್ತು. ಇನ್ನೊಂದು ಮಾತು, ಸೋಸಿ ತೆಗೆದ ಆ ಕಂದು ಗಸಿಯನ್ನು ಬಿಸಿನೀರಲ್ಲಿ ತೊಳೆದಿರಾ? ಬೆಂಜೋಯೇಟ್, ಅಂದರೆ ಹೈಡ್ರೋಕ್ಲೋರಿಕ್ ಹಾಕುವ ಮೊದಲು ಉಪ್ಪಿನ ರೂಪದಲ್ಲಿರುವ ನಿಮ್ಮ ಬೆಂಜೋಯಿಕ್ ಆಸಿಡ್, ಅದರಲ್ಲೂ ಹಿಡಿದುಕೊಂಡಿರುತ್ತದೆ.

ಕೆಂಪು_ಲಿಟ್ಮಸ್: ಇಲ್ಲ ಸರ್, ಸೀದಾ ಬಿಸಾಡಿದೆ 😭

ಸಾಂಬ್ರಾಣಿ_ಹೊಗೆ: 117 ಬಂದಿರೋದು ಒದ್ದೆ ಹರಳಿನಿಂದ ಅಥವಾ ಉಳಿದ ಕಲ್ಮಶದಿಂದ. ಸುಮಾರು 80 ಮಿಲಿ ಕುದಿಯುವ ನೀರಲ್ಲಿ ಪೂರ್ತಿ ಕರಗಿಸಿ, ಕರಗದೆ ಏನಾದರೂ ಉಳಿದರೆ ಬಿಸಿ ಇರುವಾಗಲೇ ಸೋಸಿ, ಆಮೇಲೆ ಅಲ್ಲಾಡಿಸದೆ ಆರಲು ಬಿಡಿ, ಕೊನೆಗೆ ಐಸ್ ಮೇಲಿಡಿ. ಸೂಜಿಯಂಥ ಹೊಳೆಯುವ ಹರಳು ಬರುತ್ತದೆ, ನೋಡೋಕೇ ಖುಷಿ. ಫಿಲ್ಟರ್ ಪೇಪರ್ ಮಧ್ಯೆ ಒತ್ತಿ ಒಣಗಿಸಿ. ಅವಸರಕ್ಕೆ ಓವನ್‌ಗೆ ಮಾತ್ರ ಇಡಬೇಡಿ, ಕರಗುವ ಮೊದಲೇ ಆವಿಯಾಗಿ ಹಾರುತ್ತದೆ, ಆ ಆವಿ ಗಂಟಲಿಗೆ ಹೋದರೆ ಕೆಮ್ಮು ನಿಲ್ಲಲ್ಲ. ಅಂದಹಾಗೆ ಇದನ್ನು ಮೊದಲು ತೆಗೆದಿದ್ದೂ ಹೀಗೇ, ಸಾಂಬ್ರಾಣಿ ಅಂಟನ್ನು ಕಾಯಿಸಿ ಆವಿ ಹಿಡಿದು. ಬೆಂಜೋಯಿಕ್ ಅನ್ನೋ ಹೆಸರು ಆ ಅಂಟಿಂದಲೇ ಬಂದಿದ್ದು.

ಹಳೇ_ಬ್ಯೂರೆಟ್: ಬೆಂಜಾಲ್ಡಿಹೈಡ್ ಬಾಟಲಿಯ ಬಾಯಿ ನೋಡಿ. ಅಲ್ಲಿ ಬಿಳಿ ಪುಡಿ ಕಟ್ಟಿರುತ್ತದಲ್ಲ, ಅದೇ ಬೆಂಜೋಯಿಕ್ ಆಸಿಡ್, ಗಾಳಿಯೇ ಮಾಡಿಟ್ಟಿರುತ್ತದೆ. ನೀವು ಪರ್ಮ್ಯಾಂಗನೇಟ್ ಹಾಕಿ ಒದ್ದಾಡಿದ್ದನ್ನು ಬಾಟಲಿ ಸುಮ್ನೆ ಕೂತು ಮಾಡಿದೆ.

ಉಪ್ಪಿನಕಾಯಿ_ಪ್ರಿಯ: ಉಪ್ಪಿನಕಾಯಿ ಬಾಟಲಿ ಮೇಲೆ 211 ಅಂತ ಇರುತ್ತದಲ್ಲ, ಅದೂ ಇದೇನಾ?

ಸಾಂಬ್ರಾಣಿ_ಹೊಗೆ: ಅದು ಇದರ ಸೋಡಿಯಂ ಉಪ್ಪು. ನೀರಲ್ಲಿ ಸುಲಭವಾಗಿ ಕರಗುತ್ತದೆ ಅಂತ ಉಪ್ಪಿನ ರೂಪದಲ್ಲಿ ಹಾಕುತ್ತಾರೆ. ಉಪ್ಪಿನಕಾಯಿಯ ಹುಳಿಯಲ್ಲಿ ಮತ್ತೆ ಆಸಿಡ್ ಆಗಿ ಬೂಷ್ಟು ತಡೆಯುತ್ತದೆ. ಹುಳಿ ಇಲ್ಲದ ಪದಾರ್ಥಕ್ಕೆ ಹಾಕಿದರೆ ಜಾಸ್ತಿ ಪ್ರಯೋಜನ ಇಲ್ಲ.

ಕೆಂಪು_ಲಿಟ್ಮಸ್: ಗುರುವಾರ ಮತ್ತೆ ಮಾಡ್ತೀನಿ, ಈ ಸಲ ಐಸ್ ತಗೊಂಡೇ ಹೋಗ್ತೀನಿ.