ಎಕ್ಸಿಬಿಷನ್ ಜೊತೆ ಕಲಾವಿದರೇ ಆರಿಸಿದ ಸಿನಿಮಾ ತೋರಿಸ್ತಾರಲ್ಲ, ಅದನ್ನ ನೋಡ್ಲೇಬೇಕಾ?

ಪ್ರಶ್ನೆ: ಒಂದು ಪೇಂಟಿಂಗ್ ಎಕ್ಸಿಬಿಷನ್‌ಗೆ ಹೋಗೋ ಪ್ಲಾನ್ ಇದೆ, ಜೊತೆಗೆ ಆ ಕಲಾವಿದೆನೇ ಸೆಲೆಕ್ಟ್ ಮಾಡಿರೋ ಸಿನಿಮಾಗಳ ಸ್ಕ್ರೀನಿಂಗೂ ಇದೆಯಂತೆ. ಲಿಸ್ಟ್ ನೋಡಿದ್ರೆ ಥ್ರಿಲ್ಲರ್ರು, ಹಳೇ ಮೂಕಿ ಚಿತ್ರ, ಏನೇನೋ ಇದೆ, ಅವರ ಪೇಂಟಿಂಗಿಗೂ ಇದಕ್ಕೂ ಏನ್ ಸಂಬಂಧ? ಬಿಟ್ರೆ ನಡಿಯತ್ತಾ?

ರಿಪ್ಲೈ 1: ಸಂಬಂಧ ಇಲ್ಲ ಅಂತ ಅಷ್ಟ್ ಬೇಗ ಹೇಳ್ಬೇಡಿ. ಅಮೆರಿಕದ ಪೇಂಟರ್ ಎಡ್ವರ್ಡ್ ಹಾಪರ್ 1925ರಲ್ಲಿ ರೈಲು ಹಳಿ ಪಕ್ಕದ ಒಂಟಿ ಮನೆ ಪೇಂಟ್ ಮಾಡಿದ್ರು, ಡೈರೆಕ್ಟರ್ ಹಿಚ್‌ಕಾಕ್‌ರ ಥ್ರಿಲ್ಲರ್ 'ಸೈಕೋ'ದಲ್ಲಿ ಬರೋ ಮನೆಗೆ ಅದೇ ಪ್ರೇರಣೆ ಅಂತಾರೆ, ಆಮೇಲೆ 1993ರಲ್ಲಿ ಕಲಾವಿದ ಡಗ್ಲಾಸ್ ಗಾರ್ಡನ್ ಅದೇ ಸಿನಿಮಾನ 24 ಗಂಟೆ ಓಡೋ ಹಾಗೆ ಸ್ಲೋ ಮಾಡಿ ಅದನ್ನೇ ಒಂದು ಕಲಾಕೃತಿ ಮಾಡ್ಬಿಟ್ರು. ಪೇಂಟಿಂಗಿಂದ ಸಿನಿಮಾ, ಸಿನಿಮಾದಿಂದ ಮತ್ತೆ ಗ್ಯಾಲರಿ! ಕತೆ ಬಿಟ್ಟು ಫ್ರೇಮು, ಬೆಳಕು, ಖಾಲಿ ಜಾಗ ನೋಡಿ, ಆ ಕಲಾವಿದೆ ಈ ಸಿನಿಮಾಗಳನ್ನ ಯಾಕೆ ಆರಿಸಿದ್ರು ಅಂತ ಹೊಳಿಯತ್ತೆ.

ರಿಪ್ಲೈ 2: ಎಲ್ಲಾ ಸೀರೀಸೂ ಹಂಗಿರಲ್ಲ ಗುರು, ಕೆಲವು ಸುಮ್ನೆ ಫೇವರಿಟ್ ಲಿಸ್ಟ್ ಅಷ್ಟೇ 😄 ಆದ್ರೆ ಒಂದ್ ಲಾಭ ಇದೆ, ಗ್ಯಾಲರಿಲಿ ವಿಡಿಯೋ ಲೂಪಲ್ಲಿ ಓಡ್ತಿರತ್ತೆ, ಜನ ಮಧ್ಯದಲ್ಲಿ ಬಂದು ಎರಡು ನಿಮಿಷ ನಿಂತು ಹೋಗ್ತಾರೆ, ಸ್ಕ್ರೀನಿಂಗಲ್ಲಾದ್ರೆ ಕೂತು ಮೊದಲಿಂದ ಕೊನೆವರೆಗೂ ನೋಡ್ಬೋದು.

ಪ್ರಶ್ನೆ ಕೇಳಿದವರು: ಸರಿ, ಹಾಗಾದ್ರೆ ಮೊದ್ಲು ಯಾವ್ದು?

ರಿಪ್ಲೈ 1: ಗ್ಯಾಲರಿ, ಆಮೇಲೆ ಸಿನಿಮಾ, ಟೈಮ್ ಇದ್ರೆ ಇನ್ನೊಂದ್ಸಲ ಗ್ಯಾಲರಿ. ಕಲಾವಿದೆ ಬಂದು ಮಾತಾಡೋ ದಿನ ಇದ್ದೇ ಇದ್ರೆ ಅವತ್ತಿನ ಶೋನೇ ಬುಕ್ ಮಾಡಿ.