ಪದಚರ್ಚೆ: ಟಿಂಟ್, ಶೇಡ್, ಟೋನ್ – ಎಲ್ಲಕ್ಕೂ ‘ಛಾಯೆ’ ಎಂದರೆ ನಡೆಯುತ್ತದೆಯೇ?

ನಮಸ್ಕಾರ. ಚಿತ್ರ ಬರೆಯಲು ಈಗಷ್ಟೇ ತೊಡಗಿದವರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿ ಸಿದ್ಧವಾಗುತ್ತಿದೆ. ಜಲವರ್ಣ, ಅಕ್ರಿಲಿಕ್ ಎರಡೂ ಅದರಲ್ಲಿವೆ. ಹ್ಯೂ, ವ್ಯಾಲ್ಯೂ, ಟಿಂಟ್, ಶೇಡ್, ಟೋನ್, ಶ್ಯಾಡೋ – ಈ ಆರರಲ್ಲಿ ಯಾವುದಕ್ಕೆ ಕನ್ನಡ ಹುಡುಕಹೊರಟರೂ ಎದುರಾಗುವುದು ‘ಛಾಯೆ’. “ಕೆಂಪಿನ ಛಾಯೆ ತಗ್ಗಿಸಿ” ಎಂದು ಬರೆದರೆ ಓದಿದವರು ನೀರು ಹಾಕಬೇಕೋ, ಬಿಳಿ ಬೆರೆಸಬೇಕೋ, ಕಪ್ಪು ಬೆರೆಸಬೇಕೋ ತಿಳಿಯುವುದಿಲ್ಲ. ಬಲ್ಲವರು ಪದಗಳನ್ನು ಸೂಚಿಸಬೇಕು. ಜೊತೆಗೆ ಇನ್ನೆರಡು ಪ್ರಶ್ನೆ: ಅಜಂತಾದ ಚಿತ್ರಗಳ ಬಗ್ಗೆ ಬರೆಯುವಾಗ ‘ಬೆಳಕು-ನೆರಳು’ ಎನ್ನಬಹುದೇ? ‘ವಾಶ್’ ಎಂಬುದಕ್ಕೆ ಕನ್ನಡವೇನು?

*

ಛಾಯೆಯನ್ನು ಕೈಪಿಡಿಯಿಂದ ಹೊರಗಿಡಿ. ಅದರ ಮೊದಲ ಅರ್ಥ ನೆರಳು. ಅಲ್ಲಿಂದ ಛಾಯಾಚಿತ್ರಕ್ಕೆ ಬಂತು, ‘ಮಾತಿನಲ್ಲಿ ವಿಷಾದದ ಛಾಯೆ’ಯ ತನಕ ಹರಡಿತು. ಬಣ್ಣ ಕಲಸುವವರ ಕೈಗೆ ಅದರಿಂದ ಏನೂ ದಕ್ಕುವುದಿಲ್ಲ.

ಪಾರಿಭಾಷಿಕ ಪದ ಬೇಕೆಂದು ಸಂಸ್ಕೃತಕ್ಕೆ ಓಡುವ ಮೊದಲು, ಸೀರೆ ಅಂಗಡಿಯಲ್ಲೂ ಸುಣ್ಣಬಣ್ಣದವರ ಹತ್ತಿರವೂ ಬಣ್ಣದ ಹೆಸರಿಗೆ ನಾವು ಅಂಟಿಸುವ ಪದಗಳನ್ನೇ ನೋಡಿ: ನಸುಗೆಂಪು, ತಿಳಿನೀಲಿ, ಎಳೆಹಸಿರು, ಕಡುಗೆಂಪು, ಅಚ್ಚ ಹಳದಿ, ಮಾಸಲು ಬಿಳಿ. ನಿಮ್ಮ ಪಟ್ಟಿಯ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ಟಿಂಟ್‌ಗೆ ‘ತಿಳಿ’. ತಿಳಿಸಾರಿನ ತಿಳಿಯೇ ಇದು, ಹಾಗಾಗಿ ಜಲವರ್ಣಕ್ಕೆ ಹೇಳಿಮಾಡಿಸಿದ ಪದ: ನೀರು ಹೆಚ್ಚಿಸಿದಷ್ಟೂ ಬಣ್ಣ ತಿಳಿಯಾಗುತ್ತದೆ, ಕಾಗದದ ಬಿಳಿ ಒಳಗಿಂದ ಹೊಳೆಯುತ್ತದೆ. ಅಕ್ರಿಲಿಕ್‌ನಲ್ಲಿ ಮಾಡುವುದು ಬೇರೆ ಕೆಲಸ, ಅಲ್ಲಿ ಬಿಳಿಯನ್ನೇ ಬೆರೆಸುತ್ತೇವೆ. ಫಲವೂ ಬೇರೆ. ಟೈಟೇನಿಯಂ ಬಿಳಿ ಬೆರೆತ ಬಣ್ಣ ತಿಳಿಯಾಗುವುದರ ಜೊತೆಗೆ ಸೀಮೆಸುಣ್ಣದಂತೆ ಅಪಾರದರ್ಶಕವಾಗುತ್ತದೆ, ತಂಪು ಬಣ್ಣಗಳ ಕಡೆಗೂ ವಾಲುತ್ತದೆ. ಕ್ರಿಮ್ಸನ್‌ಗೆ ಬಿಳಿ ಹಾಕಿದರೆ ಬರುವುದು ನೀಲಿ ಮಿಶ್ರಿತ ಗುಲಾಬಿ. ಅದನ್ನು ಬೆಚ್ಚಗಾಗಿಸಲು ಬ್ರಷ್ಷಿನ ತುದಿಯಷ್ಟು ಹಳದಿಯೋ ಕಿತ್ತಳೆಯೋ ಬೇಕು. ಆದ್ದರಿಂದ ಕೈಪಿಡಿಯಲ್ಲಿ “ತಿಳಿ ಮಾಡಿ” ಎಂದಷ್ಟೇ ಬರೆದು ಬಿಡಬೇಡಿ. “ನೀರಿನಿಂದ ತಿಳಿ ಮಾಡಿ”, “ಬಿಳಿ ಬೆರೆಸಿ ತಿಳಿ ಮಾಡಿ” ಎಂದು ಬಿಡಿಸಿ ಬರೆಯಿರಿ. ಬೆರೆಸುವ ಕ್ರಮವನ್ನೂ ಹೇಳಿ: ಬಿಳಿಯನ್ನು ಮೊದಲು ಇಟ್ಟುಕೊಂಡು ಅದಕ್ಕೆ ಬಣ್ಣ ಸೇರಿಸಬೇಕು. ಬಣ್ಣಕ್ಕೆ ಬಿಳಿ ಸೇರಿಸುತ್ತ ಹೋದರೆ ಬೇಕಾದ ಮಟ್ಟ ಮುಟ್ಟುವ ಹೊತ್ತಿಗೆ ಅರ್ಧ ಟ್ಯೂಬು ಬಿಳಿ ಖಾಲಿಯಾಗಿರುತ್ತದೆ.

‘ಎಳೆ’ಯನ್ನು ಮಾತ್ರ ಟಿಂಟ್‌ಗೆ ಬಳಸಬೇಡಿ. ಎಳೆಹಸಿರು ಎಂದರೆ ಬಿಳಿ ಬೆರೆತ ಹಸಿರಲ್ಲ, ಹಳದಿಯ ಕಡೆಗೆ ಸರಿದ ಹಸಿರು. ಅಲ್ಲಿ ಬದಲಾಗುವುದು ಹ್ಯೂ. ಹ್ಯೂಗೆ ಬರಿಯ ‘ಬಣ್ಣ’ ಸಾಕು. ‘ವರ್ಣ’ ಎಂದರೂ ಸರಿ.

ಶೇಡ್‌ಗೆ ‘ಕಡು’. ಕಪ್ಪು ಬೆರೆಸಿ ಕಡುವಾಗಿಸುವುದು ಪುಸ್ತಕದ ವ್ಯಾಖ್ಯೆ. ಆದರೆ ಹಳದಿಗೆ ಐವರಿ ಬ್ಲ್ಯಾಕ್ ಹಾಕಿದ ಕೂಡಲೇ ಪಾಚಿಹಸಿರು ಬರುತ್ತದೆ, ಕಲಿಯುವವರು ಬೆಚ್ಚುವುದು ಇಲ್ಲಿಯೇ. ತೆಳುವಾದ ಕಪ್ಪು ನೀಲಿಯಂತೆ ವರ್ತಿಸುವುದೇ ಇದಕ್ಕೆ ಕಾರಣ. ಹಳದಿಯನ್ನು ಕಡುವಾಗಿಸಲು ಬರ್ನ್ಟ್ ಅಂಬರ್ (ಕಡುಕಂದು) ಅಥವಾ ಚೂರು ನೇರಳೆ ಸೇರಿಸಿ, ಅದೂ ಗುಂಡುಸೂಜಿಯ ತಲೆಯಷ್ಟರಿಂದ ಆರಂಭಿಸಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸೇರಿದರೆ ಕಪ್ಪಿಗೆ ತೀರ ಹತ್ತಿರದ ಬಣ್ಣ ಸಿಗುತ್ತದೆ. ಅದನ್ನು ಬೇಕೆಂದಂತೆ ಬೆಚ್ಚಗೋ ತಣ್ಣಗೋ ವಾಲಿಸಬಹುದು, ಟ್ಯೂಬಿನ ಕಪ್ಪಿಗೆ ಆ ಗುಣವಿಲ್ಲ.

‘ಗಾಢ’ ಇನ್ನೊಂದು ತೊಡಕಿನ ಪದ. ಗಾಢ ಹಳದಿ ಎಂದರೆ ಕಪ್ಪಡರಿದ್ದೇ, ಕಣ್ಣಿಗೆ ಹೊಡೆಯುವಂಥದ್ದೇ, ದಪ್ಪಗೆ ಬಳಿದದ್ದೇ? ಕಣ್ಣಿಗೆ ಹೊಡೆಯುವಂಥದ್ದಕ್ಕೆ, ಅಂದರೆ ಸ್ಯಾಚುರೇಶನ್‌ಗೆ, ‘ಅಚ್ಚ’ ಎನ್ನಿ. ಟ್ಯೂಬಿನಿಂದ ಆಗಷ್ಟೇ ಹಿಂಡಿದ ಲೆಮನ್ ಯೆಲ್ಲೋ ಅಚ್ಚಬಣ್ಣ, ಆದರೆ ಕಡು ಅಲ್ಲ. ಅಲ್ಟ್ರಾಮರೀನ್ ಅಚ್ಚವೂ ಹೌದು, ಕಡುವೂ ಹೌದು. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣ, ಬೆಳಕಿನ ಮಟ್ಟ, ಅಚ್ಚತನ ಈ ಮೂರನ್ನು ಬೇರೆಬೇರೆ ಅಳತೆಗಳಾಗಿ ಇಟ್ಟದ್ದು ಇದೇ ಗೊಂದಲ ತಪ್ಪಿಸಲು.

ಟೋನ್‌ಗೆ ‘ಮಾಸಲು’. ಬೂದು ಬೆರೆಸಿ ಅಥವಾ ಎದುರುಬಣ್ಣ (ಕೆಂಪಿಗೆ ಹಸಿರಿನಂತೆ, ವರ್ಣಚಕ್ರದಲ್ಲಿ ಎದುರಿಗೆ ಬರುವ ಬಣ್ಣ) ಬೆರೆಸಿ ಅಚ್ಚತನ ತಗ್ಗಿಸಿದ್ದು. ಹತ್ತು ಪಾಲು ಕೆಂಪಿಗೆ ಒಂದು ಪಾಲು ಹಸಿರು ಸೇರಿಸಿ ಒಂದು ಪಟ್ಟಿ ಬಳಿಯಿರಿ, ಮತ್ತೊಂದು ಪಾಲು ಸೇರಿಸಿ ಪಕ್ಕದಲ್ಲೇ ಇನ್ನೊಂದು. ನಾಲ್ಕೈದು ಪಟ್ಟಿಗಳಲ್ಲಿ ಪದದ ಅರ್ಥ ಕಣ್ಣಿಗೇ ಕಾಣುತ್ತದೆ.

ಇನ್ನು ವ್ಯಾಲ್ಯೂ. ದಯವಿಟ್ಟು ‘ಮೌಲ್ಯ’ ಎನ್ನಬೇಡಿ. “ಆಕಾಶದ ಮೌಲ್ಯ ಹೆಚ್ಚಿಸಿ” ಎಂದರೆ ಸೈಟಿನ ಜಾಹೀರಾತಿನಂತಿರುತ್ತದೆ. ‘ಬೆಳಕಿನ ಮಟ್ಟ’ ಎನ್ನಿ, ಉದ್ದವಾಯಿತೆನಿಸಿದರೆ ಬರಿಯ ‘ಮಟ್ಟ’. ಕೈಪಿಡಿಯಲ್ಲಿ ಅತಿ ಹೆಚ್ಚು ಜಾಗ ಇದಕ್ಕೆ ಸಲ್ಲಬೇಕು. ಬಣ್ಣ ತಪ್ಪಿದರೂ ಮಟ್ಟ ಸರಿಯಿದ್ದರೆ ಮುಖ ಮುಖದಂತೆಯೇ ಕಾಣುತ್ತದೆ. ಮಟ್ಟ ತಪ್ಪಿದರೆ ಎಷ್ಟು ಒಳ್ಳೆಯ ಬಣ್ಣ ಹಾಕಿದರೂ ಚಪ್ಪಟೆ. ಅಭ್ಯಾಸ ಹೀಗೆ: ಒಂದಂಗುಲದ ಐದು ಚೌಕ ಗೀಚಿಕೊಳ್ಳಿ. 1ನೆಯದು ಬಿಳಿ, 5ನೆಯದು ಕಪ್ಪು. ಆಮೇಲೆ 2ಕ್ಕೆ ಹೋಗದೆ ನೇರ 3ನ್ನು ತುಂಬಿ, ಕೊನೆಗೆ 2 ಮತ್ತು 4. ಬಿಳಿಯಿಂದ ಸಾಲಾಗಿ ಹೊರಟವರು ನಡುವಿನಲ್ಲೇ ಕಪ್ಪು ಸುರಿದುಬಿಡುತ್ತಾರೆ, ಕೊನೆಯ ಮೂರು ಚೌಕ ಒಂದೇ ಆಗಿಬಿಡುತ್ತವೆ. ಪರೀಕ್ಷಿಸಲು ಕಣ್ಣು ಅರೆಮುಚ್ಚಿ ನೋಡಿ, ಇಲ್ಲವೇ ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಬಣ್ಣ ಒಣಗಿದ ಮೇಲೆಯೇ ನೋಡಬೇಕು: ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಅಕ್ರಿಲಿಕ್ ಕಡುವಾಗುತ್ತದೆ. ಅಕ್ರಿಲಿಕ್‌ನ ಅಂಟು ಹಸಿಯಿದ್ದಾಗ ಹಾಲಿನ ಬಣ್ಣದ್ದು, ಒಣಗಿದರೆ ಪಾರದರ್ಶಕ. ಮುಸುಕು ಸರಿದಂತೆ ಅಡಿಯ ಬಣ್ಣ ತನ್ನ ನಿಜವಾದ ಮಟ್ಟಕ್ಕೆ ಇಳಿಯುತ್ತದೆ.

*

ಮೇಲಿನ ಉತ್ತರದಲ್ಲಿ ‘ಮಾಸಲು’ ಒಂದಕ್ಕೆ ನನ್ನ ತಕರಾರಿದೆ. ಮಾಸಿದ್ದು ಎಂದರೆ ಒಗೆಯಬೇಕಾದದ್ದು ಎಂಬ ಭಾವ ಕನ್ನಡಿಗರಿಗೆ ಬಿಡದು. ಟೋನ್ ತಪ್ಪಲ್ಲ, ಬೇಕೆಂದೇ ಮಾಡುವಂಥದ್ದು. ‘ಮಂದ’ ಒಳ್ಳೆಯದು. ತಪ್ಪಿನಿಂದಾದದ್ದಕ್ಕೆ ಹೇಗೂ ‘ಕೆಸರು’ ಇದೆ: ಮೂರು ನಾಲ್ಕು ಬಣ್ಣ ಒಟ್ಟಿಗೆ ಕಲಸಿದಾಗ, ಅಥವಾ ಒಣಗದ ಪದರದ ಮೇಲೆ ಎದುರುಬಣ್ಣ ಉಜ್ಜಿದಾಗ ಆಗುವಂಥದ್ದು.

ಅಜಂತಾದ ವಿಷಯ. ಅಲ್ಲಿ ‘ಬೆಳಕು-ನೆರಳು’ ಎನ್ನಬಾರದು. ಕೆನ್ನೆಯ ಅಂಚು, ತೋಳಿನ ಅಂಚು ಕಡುವಾಗಿವೆ, ಮೂಗಿನ ದಂಡೆ ಮತ್ತು ಗಲ್ಲದ ಮೇಲೆ ತಿಳಿಗೆರೆ ಇದೆ. ಆದರೆ ಆ ತಿಳಿ ಯಾವ ದೀಪದಿಂದಲೂ ಬಂದದ್ದಲ್ಲ, ಆಕೃತಿಗಳು ನೆಲದ ಮೇಲೆ ನೆರಳನ್ನೂ ಚೆಲ್ಲುವುದಿಲ್ಲ. ಅಂಗದ ಉಬ್ಬುತಗ್ಗನ್ನು ತೋರಿಸಲಷ್ಟೇ ಬಣ್ಣ ಏರಿಳಿಯುತ್ತದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಕುರಿತ ಭಾಗವಾದ ಚಿತ್ರಸೂತ್ರ ಇದನ್ನು ‘ವರ್ತನ’ ಎನ್ನುತ್ತದೆ, ಮೂರು ಬಗೆ ಹೇಳುತ್ತದೆ: ಎಲೆಯಾಕಾರದ ಗೆರೆಗಳಿಂದ ಮಾಡುವ ಪತ್ರಜ, ತೀರ ನವಿರಾದ ಐರಿಕ, ಚುಕ್ಕೆಗಳಿಂದ ಮಾಡುವ ಬಿಂದುಜ. ಇಂದಿನ ಓದುಗರಿಗೆ ‘ವರ್ತನೆ’ ನಡತೆಯಾಗಿ ಕೇಳುತ್ತದೆ, ಹಾಗಾಗಿ ಮೊದಲ ಸಲ ಬಂದಾಗ ‘ಉಬ್ಬು ತೋರುವ ಬಣ್ಣದ ಏರಿಳಿತ’ ಎಂದು ವಿವರಿಸಿ.

ಬೆಳಕು-ನೆರಳು ಎಂಬ ಮಾತು ಸಲ್ಲುವುದು ಬೆಳಕಿಗೆ ಒಂದು ದಿಕ್ಕಿರುವಲ್ಲಿ. ರೋಮ್‌ನ ಸಾನ್ ಲುಯಿಜಿ ಚರ್ಚಿನಲ್ಲಿರುವ ಇಟಲಿಯ ಚಿತ್ರಕಾರ ಕರವಾಜ್ಜೊನ ‘ಸಂತ ಮ್ಯಾಥ್ಯೂಗೆ ಬಂದ ಕರೆ’ ಚಿತ್ರದಲ್ಲಿ ಬಲಗಡೆಯಿಂದ ಬಿದ್ದ ಬೆಳಕು ಮೇಜಿನ ಸುತ್ತ ಕುಳಿತವರ ಮುಖಗಳನ್ನು ಒಂದೊಂದಾಗಿ ಎತ್ತಿಕೊಡುತ್ತದೆ. ಇದಕ್ಕೆ ಇಟಲಿಯವರ ಪದ ಕಿಯಾರೊಸ್ಕೂರೊ. ಬಿಡಿಸಿದರೆ ‘ತಿಳಿ-ಕಡು’ ಎಂದೇ ಅರ್ಥ, ಮೇಲಿನ ಉತ್ತರಕ್ಕೆ ಅನಾಯಾಸವಾಗಿ ಸಿಕ್ಕ ಸಾಕ್ಷಿ! ಹತ್ತಿರದ ಉದಾಹರಣೆ ಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸು. ಬಹಳ ಜನ ಅದನ್ನು ರವಿವರ್ಮನದೆಂದೂ ತೈಲಚಿತ್ರವೆಂದೂ ತಿಳಿಯುತ್ತಾರೆ. ಅದು ಎಸ್. ಎಲ್. ಹಳದಣಕರ್ ಬರೆದ ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ: ಬೆಳಕು ಹಾಯ್ದ ಕಡೆ ಚರ್ಮ ಕೆಂಪಗೆ ಹೊಳೆಯುತ್ತದೆ, ಬಿಳಿಯಾಗುವುದಿಲ್ಲ. ಶ್ಯಾಡೋದಲ್ಲೂ ಎರಡನ್ನು ಬೇರ್ಪಡಿಸಿ: ವಸ್ತುವಿನ ಮೈಮೇಲೆಯೇ ಇರುವುದು ‘ಮೈನೆರಳು’, ನೆಲದ ಮೇಲೋ ಗೋಡೆಯ ಮೇಲೋ ಬೀಳುವುದು ‘ಬೀಳುನೆರಳು’. ಬೀಳುನೆರಳಿನ ಅಂಚು ವಸ್ತುವಿನ ಬುಡದಲ್ಲಿ ಚೂಪು, ದೂರ ಹೋದಂತೆ ಮೆತ್ತಗೆ. ಎಲ್ಲ ಕಡೆಯೂ ಒಂದೇ ಚೂಪಾಗಿ ಬರೆದರೆ ನೆರಳು ಕತ್ತರಿಸಿ ಅಂಟಿಸಿದ ಕಪ್ಪು ಕಾಗದದಂತೆ ಕಾಣುತ್ತದೆ.

*

‘ಮಂದ’ ಒಪ್ಪಿದೆ, ಮಾಸಲನ್ನು ಬಿಟ್ಟುಕೊಟ್ಟೆ. ವಾಶ್ ಉಳಿದಿತ್ತಲ್ಲ.

ಅದಕ್ಕೆ ಎರಡು ಪದ ಬೇಕು. ನೀರುಬಣ್ಣವನ್ನು ತೆಳ್ಳಗೆ ಹರಡುವ ಮಾಮೂಲಿ ವಾಶ್‌ಗೆ ‘ತೆಳುಬಳಿತ’. ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರ ವಾಶ್ ಬೇರೆ. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ಚಿತ್ರಕಾರರ ಒಡನಾಟದಿಂದ ರೂಪುಗೊಂಡ ಆ ಕ್ರಮದಲ್ಲಿ ಬಣ್ಣ ಹಚ್ಚಿ, ಒಣಗಿಸಿ, ಕಾಗದವನ್ನೇ ನೀರಿನಲ್ಲಿ ಅದ್ದಿ, ಮತ್ತೆ ಹಚ್ಚುತ್ತಾರೆ. ಹೆಚ್ಚಾದ ಬಣ್ಣ ತೊಳೆದುಹೋಗಿ ಉಳಿದದ್ದು ಕಾಗದಕ್ಕೆ ಕೂರುತ್ತದೆ. ಅವರ ಶಿಷ್ಯರಾಗಿದ್ದ ನಮ್ಮ ಕೆ. ವೆಂಕಟಪ್ಪನವರ ಬಗ್ಗೆ ಬರೆಯುವಾಗ ಈ ಪದ ಬಂದೇ ಬರುತ್ತದೆ. ಇದನ್ನು ‘ತೊಳೆತ’ ಎಂದರೆ ತಪ್ಪಿಲ್ಲ, ನಿಜವಾಗಿ ತೊಳೆಯುತ್ತಾರೆ.

ತೆಳುಬಳಿತಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ದಪ್ಪ ಕಾಗದವನ್ನು ಹಲಗೆಗೆ ಟೇಪಿನಿಂದ ಅಂಟಿಸಿ, ಹಲಗೆಯ ಮೇಲ್ತುದಿಯನ್ನು ಒಂದೆರಡು ಅಂಗುಲ ಎತ್ತರಿಸಿ. ಬಣ್ಣವನ್ನು ಬೇಕೆನಿಸಿದ್ದರ ದುಪ್ಪಟ್ಟು ಕಲಸಿಕೊಳ್ಳಿ, ನಡುವೆ ಮುಗಿದರೆ ಅದೇ ಮಟ್ಟ ಮತ್ತೆ ಸಿಗದು. ಪ್ರತಿ ಅಡ್ಡಗೀರಿನ ಕೆಳಗೆ ನಿಂತ ಹನಿಸಾಲನ್ನು ಮುಂದಿನ ಗೀರು ಎತ್ತಿಕೊಳ್ಳಬೇಕು, ಕೊನೆಯ ಸಾಲನ್ನು ಹಿಂಡಿದ ಬ್ರಷ್ಷಿನಿಂದ ಹೀರಿ ತೆಗೆಯಬೇಕು. ಅರೆಒಣಗಿದ ಜಾಗಕ್ಕೆ ಒದ್ದೆ ಬ್ರಷ್ ಮುಟ್ಟಿಸಿದರೆ ಹೊಸ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಅಂಚುಕಟ್ಟಿದ ಕಲೆ ಮಾಡುತ್ತದೆ. ಅದನ್ನು ಆಗಲೇ ತಿದ್ದಲು ಹೋಗದೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಒದ್ದೆ ಬ್ರಷ್ಷಿನಿಂದ ಅಂಚನ್ನಷ್ಟೇ ಸಡಿಲಿಸಿ ಟಿಶ್ಯೂ ಒತ್ತಿ ತೆಗೆಯಿರಿ.